ನೂರು ಮೀಟರಿನಾಚೆ ಒಬ್ಬರೇ

ನಮ್ಮ ಹೈಸ್ಕೂಲಿನ ಆಟದ ಸಾಮಾನಿನ ಕೋಣೆಯಲ್ಲಿ ಎರಡು ಜಾವೆಲಿನ್ ಇದ್ದವು. ಎರಡೂ ಬಿದಿರಿನವು. ತುದಿಗೆ ಕಬ್ಬಿಣದ ಮೊನೆ, ಹಿಡಿಯುವ ಕಡೆ ಬಿಗಿಯಾಗಿ ಸುತ್ತಿದ ಹುರಿ. ಅದರಲ್ಲಿ ಒಂದು ಸ್ವಲ್ಪ ಬಾಗಿತ್ತು. ಬಾಗಿದ್ದೇ ಹೆಚ್ಚು ದೂರ ಹೋಗುತ್ತದೆ ಎಂಬ ನಂಬಿಕೆ ನಮಗೆಲ್ಲ ಇತ್ತು. ಆದರೆ ಅದು ನೆಲಕ್ಕೆ ಚುಚ್ಚುತ್ತಿದ್ದದ್ದು ಅಪರೂಪ, ಮಟ್ಟಸವಾಗಿ ತೇಲಿ ಬಂದು ಹೊಟ್ಟೆಯಡಿಯಾಗಿ ಮಲಗಿಬಿಡುತ್ತಿತ್ತು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ನನ್ನ ಅತಿ ದೂರದ ಎಸೆತ ಹೀಗೇ ಮಲಗಿತು. ಮೊನೆ ಮೊದಲು ತಾಗಿತು ಎಂದು ನಮ್ಮ ಪಿ.ಟಿ. ಮೇಷ್ಟ್ರು, ಇಲ್ಲ ಹೊಟ್ಟೆ ಮೊದಲು ತಾಗಿತು ಎಂದು ಬಾವುಟ ಹಿಡಿದು ನಿಂತಿದ್ದ ತೀರ್ಪುಗಾರರು. ಇಬ್ಬರೂ ಬಗ್ಗಿ ಹುಲ್ಲಿನಲ್ಲಿ ಗುರುತು ಹುಡುಕಿದರು. ಗುರುತು ಸಿಗಲಿಲ್ಲ, ಕೆಂಪು ಬಾವುಟ ಮೇಲೆದ್ದಿತು. ಟೇಪು ಬಿಚ್ಚಲೇ ಇಲ್ಲ. ಎಷ್ಟು ದೂರ ಹೋಗಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದೇ ಜಗಳ ಒಂದು ಕಾಲದಲ್ಲಿ ಜಗತ್ತಿನ ದೊಡ್ಡ ದೊಡ್ಡ ಸ್ಟೇಡಿಯಮ್ಮುಗಳಲ್ಲೂ ನಡೆಯುತ್ತಿತ್ತು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದನ್ನು ಮುಗಿಸಲು ಜಾವೆಲಿನ್ನಿನ ಮೈಯನ್ನೇ ಬದಲಾಯಿಸಿದರು ಎಂಬುದೂ, ಹಾಗೆ ಬದಲಾಯಿಸಿದಾಗ ಒಬ್ಬ ಮನುಷ್ಯನ ಎಸೆತ ದಾಖಲೆಯ ಪಟ್ಟಿಯಿಂದ ಆಚೆ ಉಳಿದುಬಿಟ್ಟಿತು ಎಂಬುದೂ ಆಗಲೇ ಗೊತ್ತಾಯಿತು. ಆ ಮನುಷ್ಯ ಪೂರ್ವ ಜರ್ಮನಿಯ ಉವೆ ಹೋನ್. ಗಂಡಸರ ಜಾವೆಲಿನ್ ವಿಶ್ವದಾಖಲೆ ಎಷ್ಟು ಎಂದು ಯಾರನ್ನಾದರೂ ಕೇಳಿ, 98.48 ಮೀಟರ್, ಜೆಕ್ ದೇಶದ ಯಾನ್ ಝೆಲೆಝ್ನಿ, 1996 ಎನ್ನುತ್ತಾರೆ. ಉತ್ತರ ಸರಿ. ಆದರೆ ಅದಕ್ಕಿಂತ ಹನ್ನೆರಡು ವರ್ಷ ಮೊದಲೇ ಹೋನ್ 104.80 ಮೀಟರ್ ಎಸೆದಿದ್ದರು. ನೂರು ಮೀಟರಿನ ಗೆರೆ ದಾಟಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ, ಆಮೇಲೂ ಯಾರೂ ಬಂದಿಲ್ಲ.

104.80 ಎಂದರೆ ಎಷ್ಟು ಎಂಬುದು ಬರೀ ಅಂಕಿಯಿಂದ ಕಣ್ಣಿಗೆ ಕಟ್ಟುವುದಿಲ್ಲ. ಕ್ರಿಕೆಟ್ ಪಿಚ್ ಇಪ್ಪತ್ತೆರಡು ಗಜ. ಅಂಥ ಐದು ಪಿಚ್ಚುಗಳನ್ನು ಸಾಲಾಗಿ ಹಾಸಿದರೂ ಇನ್ನೂ ನಾಲ್ಕು ಮೀಟರ್ ಮಿಗುತ್ತದೆ. ದೊಡ್ಡ ಪಂದ್ಯಗಳ ಫುಟ್‌ಬಾಲ್ ಮೈದಾನ ಗೋಲಿನಿಂದ ಗೋಲಿಗೆ 105 ಮೀಟರ್. ಅದಕ್ಕೆ ಒಂದು ಗೇಣಿನಷ್ಟೇ ಕಡಿಮೆ. ನಮ್ಮ ಶಿರಸಿ ಸೀಮೆಯ ಕಾಶೀನಾಥ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದಾಗ ಎಸೆದದ್ದು 74.29 ಮೀಟರ್. ಊರೂರಿನ ಪತ್ರಿಕೆಗಳು ಅದನ್ನು ಹೆಮ್ಮೆಯಿಂದ ಅಚ್ಚು ಹಾಕಿದವು, ಹಾಕಲೇಬೇಕಾದ ಸುದ್ದಿಯೂ ಹೌದು. ಹೋನ್ ಅವರ ಈಟಿ ಅದಕ್ಕಿಂತ ಮೂವತ್ತು ಮೀಟರ್ ಆಚೆ ಬಿದ್ದಿತ್ತು.

ಹೋನ್ ಹುಟ್ಟಿದ್ದು 1962ರ ಜುಲೈ 16ರಂದು, ಬರ್ಲಿನ್ನಿನ ವಾಯವ್ಯಕ್ಕಿರುವ ನಾಯ್‌ರುಪ್ಪಿನ್ ಎಂಬ ಊರಿನಲ್ಲಿ. ಬರ್ಲಿನ್ ಗೋಡೆ ಎದ್ದು ಆಗಿನ್ನೂ ವರ್ಷ ತುಂಬಿರಲಿಲ್ಲ. ಆಟದಲ್ಲಿ ಚುರುಕಾದ ಮಕ್ಕಳನ್ನು ಚಿಕ್ಕಂದಿನಲ್ಲೇ ಗುರುತಿಸಿ, ವಿಶೇಷ ಕ್ರೀಡಾಶಾಲೆಗೆ ಸೇರಿಸಿ, ಅಲ್ಲಿಂದ ದೊಡ್ಡ ಕ್ಲಬ್ಬುಗಳಿಗೆ ಕಳುಹಿಸುವ ಏರ್ಪಾಡು ಆ ದೇಶದಲ್ಲಿ ಗಟ್ಟಿಯಾಗಿತ್ತು. ಹೋನ್ ಬೆಳೆದದ್ದು ಸೇನೆಯ ಕ್ಲಬ್ಬಾದ ಎಎಸ್‌ಕೆ ಫೋರ್‌ವೆರ್ಟ್ಸ್ ಪಾಟ್ಸ್‌ಡಾಮ್‌ನಲ್ಲಿ. ಸುಮಾರು ಆರೂವರೆ ಅಡಿ ಎತ್ತರ, ನೂರು ಕಿಲೋ ದಾಟಿದ ಮೈ. 1981ರಲ್ಲಿ ಉಟ್ರೆಕ್ಟ್‌ನಲ್ಲಿ ಯುರೋಪಿನ ಜೂನಿಯರ್ ಚಾಂಪಿಯನ್ ಆದರು. ಮರುವರ್ಷವೇ ಅಥೆನ್ಸ್‌ನಲ್ಲಿ 91.34 ಮೀಟರ್ ಎಸೆದು ದೊಡ್ಡವರ ಯುರೋಪಿಯನ್ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಆಗಿನ್ನೂ ಇಪ್ಪತ್ತು ವರ್ಷ.

ಎಸೆತವನ್ನು ಟಿವಿಯಲ್ಲಿ ನೋಡುವಾಗ ತೋಳೇ ಎಲ್ಲ ಮಾಡುತ್ತಿದೆ ಎಂದು ಕಾಣುತ್ತದೆ. ಕಾಲನ್ನು ನೋಡಬೇಕು. ಬಲಗೈ ಎಸೆತಗಾರರು ಮೂವತ್ತು ಮೀಟರ್ ಓಡಿ ಬಂದು, ಕೊನೆಗೆ ಮೈಯನ್ನು ಓರೆ ಮಾಡಿಕೊಂಡು, ಕಾಲಿಗೆ ಕಾಲು ಅಡ್ಡ ಹಾಕುತ್ತ ನಾಲ್ಕೈದು ಹೆಜ್ಜೆ ಇಡುತ್ತಾರೆ. ಆಗ ಈಟಿ ಕಿವಿಯ ಹಿಂದೆ, ತೋಳು ಪೂರ್ತಿ ಹಿಂದಕ್ಕೆ ಚಾಚಿರುತ್ತದೆ. ಕಟ್ಟಕಡೆಯಲ್ಲಿ ಎಡಗಾಲನ್ನು ನೇರವಾಗಿ, ಮಂಡಿ ಬಗ್ಗದಂತೆ, ಗೂಟ ಹೊಡೆದ ಹಾಗೆ ನೆಲಕ್ಕೆ ಊರುತ್ತಾರೆ. ಓಡುವ ಬಸ್ಸಿಗೆ ಗಕ್ಕನೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಅದೇ ಇಲ್ಲಿ ನಡೆಯುವುದು. ಕಾಲು ನಿಂತಿತು, ಸೊಂಟ ಮುಂದೆ ಹೋಯಿತು, ಅದರ ಹಿಂದೆ ಎದೆ, ಅದರ ಹಿಂದೆ ಭುಜ, ಆಮೇಲೆ ಮೊಣಕೈ, ಕೊನೆಗೆ ಅಂಗೈ. ಎಳೆದ ಬಿಲ್ಲಿನಂತೆ ಬಾಗಿದ್ದ ಮೈ ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತದೆ. ಎಂಟು ನೂರು ಗ್ರಾಮಿನ ಈಟಿ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಕೈಬಿಡುತ್ತದೆ. ನಮ್ಮ ವೇಗದ ಬೌಲರುಗಳ ಚೆಂಡು ಇದಕ್ಕಿಂತ ಜೋರಾಗಿ ಹೋಗಬಹುದು, ಆದರೆ ಆ ಚೆಂಡಿನ ತೂಕ ಈಟಿಯ ಐದರಲ್ಲಿ ಒಂದು ಪಾಲು. ಊರಿದ ಎಡಗಾಲಿನ ಮೇಲೆ ಆ ಕ್ಷಣ ಬೀಳುವ ಭಾರ ಮೈತೂಕದ ಹಲವು ಪಟ್ಟು. ಮಂಡಿ, ಸೊಂಟ, ಬೆನ್ನು, ಮೊಣಕೈ ಇವೇ ಜಾವೆಲಿನ್ ಎಸೆಯುವವರಿಗೆ ಮೊದಲು ಕೈಕೊಡುವ ಜಾಗಗಳು. ಮುಂದೆ ಹೋನ್ ಅವರಿಗೆ ಆದದ್ದೂ ಅದೇ.

1980ರಲ್ಲಿ ಹಂಗೆರಿಯ ಫೆರೆಂಕ್ ಪಾರಾಗಿ ವಿಶ್ವದಾಖಲೆಯನ್ನು 96.72ಕ್ಕೆ ಒಯ್ದಿದ್ದರು. 1983ರ ಮೇ ತಿಂಗಳಿನಲ್ಲಿ ಅಮೆರಿಕದ ಟಾಮ್ ಪೆಟ್ರಾನಾಫ್ 99.72 ಎಸೆದರು. ನೂರಕ್ಕೆ ಇನ್ನು ಇಪ್ಪತ್ತೆಂಟು ಸೆಂಟಿಮೀಟರ್ ಬಾಕಿ. ಯಾರು ಮೊದಲು ದಾಟುತ್ತಾರೆ ಎಂಬುದೊಂದೇ ಎಲ್ಲರ ಪ್ರಶ್ನೆ. 1984ರ ಮೇ ತಿಂಗಳಿನಲ್ಲಿ ಪಾಟ್ಸ್‌ಡಾಮ್‌ನಲ್ಲಿ ಹೋನ್ 99.52 ಎಸೆದರು. ಒಲಿಂಪಿಕ್ಸ್ ವರ್ಷ. ಇಪ್ಪತ್ತೆರಡು ತುಂಬಲಿರುವ ಹುಡುಗ. ಲಾಸ್ ಏಂಜಲೀಸಿನ ಚಿನ್ನ ಯಾರದೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ.

ಆದರೆ ಆ ಹೊತ್ತಿಗೆ ಬಾಗಿಲು ಮುಚ್ಚಿ ಆಗಿತ್ತು. ಅಫ್ಘಾನಿಸ್ತಾನದ ಮೇಲಿನ ಸೋವಿಯತ್ ದಾಳಿಯನ್ನು ಪ್ರತಿಭಟಿಸಿ 1980ರ ಮಾಸ್ಕೋ ಒಲಿಂಪಿಕ್ಸನ್ನು ಅಮೆರಿಕ ಬಹಿಷ್ಕರಿಸಿತ್ತು. ಅದಕ್ಕೆ ಎದುರೇಟಿನಂತೆ 1984ರ ಮೇ 8ರಂದು ಸೋವಿಯತ್ ಒಕ್ಕೂಟ ತಾನು ಲಾಸ್ ಏಂಜಲೀಸಿಗೆ ಬರುವುದಿಲ್ಲ ಎಂದು ಸಾರಿತು. ಎರಡು ದಿನ ಬಿಟ್ಟು ಪೂರ್ವ ಜರ್ಮನಿಯೂ ಅದರ ಹಿಂದೆ ಹೋಯಿತು. ಕ್ರೀಡಾಪಟುಗಳನ್ನು ಯಾರೂ ಕೇಳಲಿಲ್ಲ. ಹೋನ್ ಪಾಟ್ಸ್‌ಡಾಮ್‌ನಲ್ಲಿ ಆ 99.52 ಎಸೆದದ್ದು ಈ ತೀರ್ಮಾನ ಹೊರಬಿದ್ದ ಮೇಲೆ. ಹೋಗಲು ಒಲಿಂಪಿಕ್ಸ್ ಇಲ್ಲವೆಂದು ಗೊತ್ತಿದ್ದೂ ಬೆಳಗೆದ್ದು ಮೈದಾನಕ್ಕೆ ಹೋಗಿ ಅದೇ ಓಟ ಓಡಿ ಅದೇ ಈಟಿ ಎಸೆಯುವುದು ಹೇಗಿದ್ದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1984ರ ಜುಲೈ 20. ಪೂರ್ವ ಬರ್ಲಿನ್ನಿನ ಫ್ರೀಡ್ರಿಕ್ ಲುಡ್ವಿಗ್ ಯಾನ್ ಸ್ಟೇಡಿಯಮ್. ಅದರ ಮಗ್ಗುಲಲ್ಲೇ ಬರ್ಲಿನ್ ಗೋಡೆ ಹಾದುಹೋಗುತ್ತಿತ್ತು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಹಿಂಬದಿಗೆ ಕಾವಲಿನ ಪಟ್ಟಿ, ಅದರಾಚೆ ಪಶ್ಚಿಮ ಬರ್ಲಿನ್. ಆ ಕಾವಲಿನ ಪಟ್ಟಿ ಇವತ್ತು ಮೌವರ್‌ಪಾರ್ಕ್ ಎಂಬ ಉದ್ಯಾನ, ಗೋಡೆಯ ಪಾರ್ಕ್ ಎಂದೇ ಅದರರ್ಥ. ಅಂದು ಅಲ್ಲಿ ‘ಒಲಿಂಪಿಕ್ ದಿನ’ ಎಂಬ ಹೆಸರಿನಲ್ಲಿ ಕೂಟ ನಡೆಯುತ್ತಿತ್ತು. ಹೋನ್ ಹುಟ್ಟುಹಬ್ಬ ಕಳೆದು ನಾಲ್ಕು ದಿನ, ಲಾಸ್ ಏಂಜಲೀಸಿನ ಉದ್ಘಾಟನೆಗೆ ಎಂಟು ದಿನ. ಓಡಿ ಬಂದರು, ಕಾಲು ಊರಿದರು, ಎಸೆದರು. ಈಟಿ ಇಳಿಯುವ ಹಾಗೆ ಕಂಡು ಮತ್ತೆ ತೇಲಿತು. ಹಳೆಯ ಜಾವೆಲಿನ್ನಿಗೆ ಆ ಗುಣವಿತ್ತು, ರೆಕ್ಕೆ ಬಿಚ್ಚಿ ನಿಂತ ಹದ್ದಿನ ಹಾಗೆ ಗಾಳಿಯ ಮೇಲೆ ಒರಗಿಕೊಳ್ಳುತ್ತಿತ್ತು. ಅಳತೆ ಬಂತು: 104.80. ಹಿಂದಿನ ದಾಖಲೆಗಿಂತ ಐದು ಮೀಟರ್ ಎಂಟು ಸೆಂಟಿಮೀಟರ್ ಹೆಚ್ಚು. ನೂರರ ಗೆರೆಯನ್ನು ಸೋಕಿ ದಾಟಿದ್ದಲ್ಲ, ಅದು ಕಾಣದಷ್ಟು ಹಿಂದೆ ಬಿಟ್ಟು ಹೋಗಿದ್ದರು.

ಲಾಸ್ ಏಂಜಲೀಸಿನಲ್ಲಿ ಚಿನ್ನ ಗೆದ್ದವರು ಫಿನ್ಲೆಂಡಿನ ಆರ್ಟೊ ಹಾರ್ಕೊನೆನ್, 86.76 ಮೀಟರಿಗೆ. ಅವರ ಗೆಲುವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ, ಬಂದವರ ನಡುವೆ ಅವರೇ ಮೇಲು. ನಮ್ಮ ಪಿ.ಟಿ. ಉಷಾ ನಾನೂರು ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಪಾಲಿಗೆ ಕಂಚು ಕಳೆದುಕೊಂಡದ್ದೂ ಇದೇ ಒಲಿಂಪಿಕ್ಸಿನಲ್ಲಿ. ಆ ಕೂಟ ನಮ್ಮ ಮನೆಗಳಲ್ಲಿ ನೆನಪಾಗಿ ಉಳಿದಿರುವುದು ಅದರಿಂದಾಗಿ. ಬಹಿಷ್ಕರಿಸಿದ ದೇಶಗಳು ತಮ್ಮ ತಮ್ಮಲ್ಲೇ ‘ಸ್ನೇಹ ಕ್ರೀಡಾಕೂಟ’ ನಡೆಸಿದವು. ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಹೋನ್ 94.44 ಎಸೆದು ಅದನ್ನು ಗೆದ್ದರು. ಒಲಿಂಪಿಕ್ ಚಿನ್ನಕ್ಕಿಂತ ಏಳೂವರೆ ಮೀಟರ್ ಹೆಚ್ಚು.

ಈಗ ಆ ಹೊಟ್ಟೆ ಊರುವ ಜಗಳಕ್ಕೆ ಬರೋಣ. ನಿಯಮ ಹೇಳುವುದು ಇಷ್ಟೆ: ಲೋಹದ ತಲೆ ಉಳಿದ ಭಾಗಕ್ಕಿಂತ ಮೊದಲು ನೆಲ ಮುಟ್ಟಬೇಕು. ಚುಚ್ಚಿ ನಿಲ್ಲಬೇಕೆಂದೇನೂ ಇಲ್ಲ. ಹಳೆಯ ಜಾವೆಲಿನ್ ತೇಲಿ ಬಂದು ಮಟ್ಟಸವಾಗಿ ಇಳಿಯುತ್ತಿದ್ದುದರಿಂದ ತಲೆ ಮೊದಲೋ ಮೈ ಮೊದಲೋ ಎಂದು ಹೇಳುವುದೇ ಕಷ್ಟವಾಗಿತ್ತು. ಒಳ್ಳೆಯ ಎಸೆತಗಳು ಅನುಮಾನಕ್ಕೆ ಬಲಿಯಾಗುತ್ತಿದ್ದವು. ಎಲ್ಲಿ ಇಳಿಯುತ್ತದೆ ಎಂದು ಊಹಿಸುವುದೂ ಕಷ್ಟ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯಲ್ಲಿ ಈ ಮಾತು ಹೋನ್ ಎಸೆತಕ್ಕಿಂತ ಮುಂಚಿನಿಂದಲೂ ನಡೆದಿತ್ತು. ಅವರೊಬ್ಬರಿಂದಲೇ ಈಟಿ ಬದಲಾಯಿತು ಎಂಬ ಕಥೆ ಆಮೇಲೆ ಬೆಳೆದದ್ದು. ಆದರೆ 104.80 ಆ ಚರ್ಚೆಗೆ ಹೆದರಿಕೆಯನ್ನು ಸೇರಿಸಿತು. ಜಾವೆಲಿನ್ ನಡೆಯುವಾಗ ಸುತ್ತಲಿನ ಟ್ರ್ಯಾಕಿನಲ್ಲಿ ಓಟಗಾರರು ಓಡುತ್ತಿರುತ್ತಾರೆ, ಆಚೆ ತುದಿಯಲ್ಲಿ ಎತ್ತರ ಜಿಗಿತದವರು ಕೂತಿರುತ್ತಾರೆ. ಇನ್ನೊಂದಿಷ್ಟು ವರ್ಷ ಹೀಗೇ ಬೆಳೆದರೆ ಹುಲ್ಲು ಸಾಲದು.

ಮಾಡಿದ ಬದಲಾವಣೆ ಎಷ್ಟು ಚಿಕ್ಕದು ಎಂಬುದೇ ನನಗೆ ಬೆರಗು. ಒಂದು ಕೋಲನ್ನು ಬೆರಳಿನ ಮೇಲೆ ಅಡ್ಡಲಾಗಿ ತೂಗಿಸಿ ನೋಡಿ. ಅದು ಬೀಳದೆ ನಿಲ್ಲುವ ಜಾಗವೇ ತೂಕದ ನಡು. ಜಾವೆಲಿನ್ನಿಗೆ ಹುರಿ ಸುತ್ತುವುದು ಅಲ್ಲಿಯೇ. ಹಾರುವಾಗ ಗಾಳಿ ಕೆಳಗಿನಿಂದ ಮೈಯನ್ನೆಲ್ಲ ಒತ್ತುತ್ತದೆ. ಆ ಒತ್ತಡಕ್ಕೂ ಒಂದು ನಡು ಇದೆ. ಹಳೆಯ ಈಟಿಯಲ್ಲಿ ಈ ಎರಡೂ ನಡುಗಳು ಹತ್ತಿರ ಹತ್ತಿರ ಇದ್ದವು. ಹೀಗಾಗಿ ಗಾಳಿ ಅದನ್ನು ಎತ್ತಿ ಹಿಡಿಯುತ್ತಿತ್ತೇ ಹೊರತು ಮೂಗು ಬಗ್ಗಿಸುತ್ತಿರಲಿಲ್ಲ. ಹೊಸ ನಿಯಮದಲ್ಲಿ ತೂಕದ ನಡುವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಸರಿಸಿದರು, ಬಾಲದ ಕಡೆಯನ್ನು ತೀರ ಸಪೂರ ಮಾಡದಂತೆ ಕಟ್ಟು ಹಾಕಿದರು. ಅಷ್ಟೆ. ಈಗ ತೂಕ ಮುಂದೆ, ಗಾಳಿಯ ಒತ್ತು ಹಿಂದೆ. ಗಾಳಿ ಬಾಲವನ್ನು ಎತ್ತುತ್ತದೆ, ತಲೆ ಬಾಗುತ್ತದೆ, ಈಟಿ ಬೇಗ ಇಳಿದು ಮೊನೆಯಿಂದಲೇ ಚುಚ್ಚುತ್ತದೆ. 1986ರ ಏಪ್ರಿಲ್ 1ರಿಂದ ಗಂಡಸರಿಗೆ ಇದು ಜಾರಿಗೆ ಬಂತು, ಹೆಂಗಸರಿಗೆ 1999ರಲ್ಲಿ. ದೂರ ಸುಮಾರು ಹತ್ತನೇ ಒಂದು ಭಾಗ ಕುಸಿಯಿತು. ವಿಶ್ವದಾಖಲೆಯ ಪಟ್ಟಿಯನ್ನು ಹೊಸದಾಗಿ ಶುರು ಮಾಡಿದರು. ಆ ವರ್ಷದ ಕೊನೆಗೆ ದಾಖಲೆಯಾಗಿ ನಿಂತದ್ದು ಪಶ್ಚಿಮ ಜರ್ಮನಿಯ ಕ್ಲಾವ್ಸ್ ಟಾಫೆಲ್‌ಮೈಯರ್ ಇಟಲಿಯ ಕೊಮೊದಲ್ಲಿ ಎಸೆದ 85.74.

ಬದಲಾವಣೆ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. ತೀರ್ಪು ಕಣ್ಣಿಗೆ ಕಾಣಬೇಕು. ಕೆಂಪು ಬಾವುಟದ ಮುಂದೆ ನಿಂತ ನನಗೆ ಅದು ಚೆನ್ನಾಗಿ ಗೊತ್ತು. ಪ್ರಾಣಾಪಾಯದ ಮಾತೂ ಕಟ್ಟುಕಥೆಯಲ್ಲ. ಹೊಸ ಈಟಿಯ ಕಾಲದಲ್ಲೇ, 2012ರಲ್ಲಿ, ಡ್ಯುಸೆಲ್‌ಡಾರ್ಫ್‌ನ ಒಂದು ಕಿರಿಯರ ಕೂಟದಲ್ಲಿ ಜಾವೆಲಿನ್ ತಗುಲಿ ಹಿರಿಯ ತೀರ್ಪುಗಾರರೊಬ್ಬರು ತೀರಿಕೊಂಡರು. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ತೇಲುವ ಈಟಿಯನ್ನು ಹದವಾಗಿ ಗಾಳಿಗೆ ಕೂರಿಸುವುದು ಒಂದು ಕಲೆಯಾಗಿತ್ತು, ಅದನ್ನು ಕಲಿತವರ ಪೈಕಿ ಎಲ್ಲರಿಗಿಂತ ಮುಂದೆ ಹೋದ ಒಬ್ಬರು ಇಪ್ಪತ್ಮೂರನೆಯ ವಯಸ್ಸಿನಲ್ಲಿ ಆ ಕಲೆಯನ್ನು ಬಿಟ್ಟು ಹೊಸದನ್ನು ಕಲಿಯಬೇಕಾಯಿತು. ಅವರಿಗೆ ಅದಕ್ಕೆ ಸಮಯವೂ ಸಿಗಲಿಲ್ಲ.

1985ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿಶ್ವಕಪ್ ನಡೆಯಿತು. ಹೋನ್ 96.96 ಎಸೆದು ಗೆದ್ದರು. ಹಳೆಯ ಈಟಿಯೊಂದಿಗೆ ಅವರ ದೊಡ್ಡ ಗೆಲುವುಗಳಲ್ಲಿ ಅದೇ ಕೊನೆಯದು. 1986ರಲ್ಲಿ ಬೆನ್ನು ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು, ಮೊದಲಿನಂತಾಗಲಿಲ್ಲ. ಇಪ್ಪತ್ನಾಲ್ಕಕ್ಕೆ ಆಟ ಮುಗಿಯಿತು. ಒಂದು ಒಲಿಂಪಿಕ್ಸ್ ಕೂಡ ಆಡಲಿಲ್ಲ.

96.96 ಎಂಬ ಅದೇ ಅಂಕಿ ಇನ್ನೊಂದು ಸಲ ಬರುತ್ತದೆ. 1991ರಲ್ಲಿ ಫಿನ್ಲೆಂಡಿನ ಸೆಪ್ಪೊ ರಾತಿ ಹೊಸ ಈಟಿಯಿಂದಲೇ 96.96 ಎಸೆದು ವಿಶ್ವದಾಖಲೆ ಬರೆದರು. ಆ ಈಟಿಯ ಬಾಲ ನುಣುಪಾಗಿರಲಿಲ್ಲ, ಬೇಕೆಂದೇ ಒರಟು ಮಾಡಿದ್ದರು. ಒರಟು ಬಾಲಕ್ಕೆ ಗಾಳಿ ಬೇರೆ ರೀತಿ ಹಿಡಿಯುತ್ತದೆ, ಈಟಿ ಮತ್ತೆ ತೇಲತೊಡಗುತ್ತದೆ. ಈ ಬಗೆಯ ಈಟಿಗೆ ಹೆಸರಾದವರು 1976ರ ಒಲಿಂಪಿಕ್ ಚಾಂಪಿಯನ್, ಹಂಗೆರಿಯ ಮಿಕ್ಲೋಶ್ ನೇಮೆತ್. ಅದೇ ವರ್ಷ ಸಂಸ್ಥೆ ಅದನ್ನು ನಿಷೇಧಿಸಿತು, ಆ ಈಟಿಗಳಿಂದ ಬಂದ ದಾಖಲೆಗಳನ್ನೂ ಅಳಿಸಿತು. ವಿಶ್ವದಾಖಲೆ ಬ್ರಿಟನ್ನಿನ ಸ್ಟೀವ್ ಬ್ಯಾಕ್ಲಿಯ 89.58ಕ್ಕೆ ಇಳಿಯಿತು. ಈಟಿ ಎಸೆಯುವವರ ಪಾಡು ಹೀಗೆ, ನೂರು ಮೀಟರ್ ಓಟಗಾರನ ದಾಖಲೆಯನ್ನು ಅವನ ಷೂ ನೋಡಿ ಇಷ್ಟು ಸಲೀಸಾಗಿ ಯಾರೂ ಅಳಿಸಲಿಲ್ಲ.

ಪೂರ್ವ ಜರ್ಮನಿಯ ಕ್ರೀಡೆಯ ಬಗ್ಗೆ ಬರೆಯುವಾಗ ಇನ್ನೊಂದು ಮಾತನ್ನು ಮುಚ್ಚಿಡಬಾರದು. 1974ರಿಂದ ಅಲ್ಲಿ ಸರಕಾರವೇ ಗುಟ್ಟಾಗಿ ಉದ್ದೀಪನ ಮದ್ದಿನ ಯೋಜನೆ ನಡೆಸಿತು. ಕಡತಗಳಲ್ಲಿ ಅದರ ಹೆಸರು ರಾಜ್ಯ ಯೋಜನೆ 14.25. ಎಷ್ಟೋ ಮಕ್ಕಳಿಗೆ ತಾವು ನುಂಗುತ್ತಿರುವ ನೀಲಿ ಮಾತ್ರೆ ಏನೆಂದೇ ಗೊತ್ತಿರಲಿಲ್ಲ, ವಿಟಮಿನ್ ಎಂದು ಹೇಳಿ ಕೊಟ್ಟಿದ್ದರು. ಗೋಡೆ ಬಿದ್ದ ಮೇಲೆ ಕಡತಗಳು ಹೊರಬಂದವು, ಮೊಕದ್ದಮೆಗಳು ನಡೆದವು. ಆ ದೇಶದ ಕ್ರೀಡಾ ಮುಖ್ಯಸ್ಥರಾಗಿದ್ದ ಮ್ಯಾನ್‌ಫ್ರೆಡ್ ಎವಾಲ್ಡ್ ಅವರಿಗೆ 2000ದಲ್ಲಿ ಶಿಕ್ಷೆಯೂ ಆಯಿತು. ಆ ಕಾಲದ, ಆ ದೇಶದ ಯಾವುದೇ ಅಂಕಿಯನ್ನು ಓದುವಾಗ ಈ ನೆರಳು ಜೊತೆಗೇ ಬರುತ್ತದೆ. ಅದನ್ನು ಬಿಟ್ಟು ಮೆಚ್ಚುವುದು ಪ್ರಾಮಾಣಿಕತೆಯಲ್ಲ. ಹಾಗೆಂದು ಕಾಲು ಊರುವ ಆ ಹದ, ಗಾಳಿಗೆ ಈಟಿ ಕೂರಿಸುವ ಆ ಕಣ್ಣು ಮಾತ್ರೆಯಿಂದ ಬರುವಂಥವೂ ಅಲ್ಲ.

ಆಟ ನಿಂತ ಮೇಲೆ ಹೋನ್ ಕಲಿಸುವ ಕೆಲಸಕ್ಕೆ ಇಳಿದರು. ಪಾಟ್ಸ್‌ಡಾಮ್‌ನಲ್ಲಿ ಕಲಿಸಿದರು, ಚೀನಾದವರಿಗೂ ಕಲಿಸಿದರು. 2017ರ ಕೊನೆಗೆ ಭಾರತದ ರಾಷ್ಟ್ರೀಯ ಜಾವೆಲಿನ್ ಕೋಚ್ ಆಗಿ ಬಂದರು. ಆ ಹೊತ್ತಿಗೆ ಹರಿಯಾಣದ ಖಂಡ್ರಾ ಗ್ರಾಮದ ನೀರಜ್ ಚೋಪ್ರಾ ಜಗತ್ತಿಗೆ ಗೊತ್ತಾಗಿದ್ದರು. 2016ರಲ್ಲಿ ಪೋಲೆಂಡಿನ ಬಿಡ್‌ಗೋಶ್ಚ್‌ನಲ್ಲಿ 86.48 ಎಸೆದು ಜೂನಿಯರ್ ವಿಶ್ವದಾಖಲೆ ಬರೆದಿದ್ದರು. ಆಗ ಅವರ ಕೋಚ್ ಆಸ್ಟ್ರೇಲಿಯಾದ ಗ್ಯಾರಿ ಕ್ಯಾಲ್ವರ್ಟ್. ಅವರು 2017ರಲ್ಲಿ ಬಿಟ್ಟುಹೋದರು. ಆ ಜಾಗಕ್ಕೆ ಬಂದವರು ಹೋನ್.

2018 ನೀರಜ್ ಪಾಲಿಗೆ ಏರುವ ವರ್ಷ. ಏಪ್ರಿಲಿನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 86.47ಕ್ಕೆ ಚಿನ್ನ. ಮೇ ತಿಂಗಳಲ್ಲಿ ದೋಹಾದಲ್ಲಿ 87.43, ರಾಷ್ಟ್ರೀಯ ದಾಖಲೆ. ಆ ದೋಹಾ ಕೂಟದ ಫಲಿತಾಂಶದ ಹಾಳೆಯನ್ನು ನೋಡಿದರೆ ಜಾವೆಲಿನ್ ಅಂದರೆ ಜರ್ಮನಿ ಏನು ಎಂಬುದು ತಿಳಿಯುತ್ತದೆ. ಮೊದಲನೆಯವರು ಥಾಮಸ್ ರೋಲರ್ 91.78, ಎರಡನೆಯವರು ಯೊಹಾನೆಸ್ ಫೆಟರ್ 91.56, ಮೂರನೆಯವರು ಆಂಡ್ರೆಯಾಸ್ ಹಾಫ್‌ಮನ್ 90.08. ಮೂವರೂ ಜರ್ಮನರು, ಮೂವರೂ ತೊಂಬತ್ತರ ಮೇಲೆ. ನಾಲ್ಕನೆಯವರು ನಮ್ಮ ನೀರಜ್, ಅವರಿಗೆ ಕಲಿಸುತ್ತಿದ್ದವರೂ ಜರ್ಮನರೇ. ಆಗಸ್ಟ್‌ನಲ್ಲಿ ಜಕಾರ್ತಾ ಏಷ್ಯನ್ ಕೂಟದಲ್ಲಿ 88.06ಕ್ಕೆ ಚಿನ್ನ, ಎರಡನೆಯವರು ಸುಮಾರು ಆರು ಮೀಟರ್ ಹಿಂದೆ.

ಇಷ್ಟಾದರೂ ಜೊತೆ ಹೆಚ್ಚು ಕಾಲ ನಡೆಯಲಿಲ್ಲ. ಹೋನ್ ಅವರ ತರಬೇತಿಯ ರೀತಿ ತನಗೆ ಸ್ವಲ್ಪ ಬೇರೆ ಎನಿಸಿತು, ಅವರ ಮೇಲೆ ಗೌರವ ಇದೆ ಎಂಬ ಅರ್ಥದ ಮಾತನ್ನು ನೀರಜ್ ಆಮೇಲೆ ಆಡಿದ್ದಾರೆ. ನೂರು ಮೀಟರ್ ಎಸೆದ ಆರೂವರೆ ಅಡಿಯ ಮೈ ಕಲಿತದ್ದು ಒಂದು, ಎಲಾಸ್ಟಿಕ್ಕಿನಂತೆ ಬಾಗುವ, ಅಷ್ಟು ಎತ್ತರವಿಲ್ಲದ ಮೈಗೆ ಬೇಕಾದದ್ದು ಇನ್ನೊಂದು ಇರಬಹುದು. ಗುರು ದೊಡ್ಡವರಾದ ಮಾತ್ರಕ್ಕೆ ವಿದ್ಯೆ ಹಾಗೇ ಇಳಿಯುವುದಿಲ್ಲ, ಸಂಗೀತ ಕಲಿತವರಿಗೆ ಇದು ಗೊತ್ತು. ನೀರಜ್ ಇನ್ನೊಬ್ಬ ಜರ್ಮನ್, ದೇಹದ ಚಲನೆಯನ್ನೇ ಅಭ್ಯಾಸ ಮಾಡಿದ ಕ್ಲಾವ್ಸ್ ಬಾರ್ಟೊನಿಯೆಟ್ಸ್ ಅವರ ಬಳಿ ಹೋದರು. ಹೋನ್ ಶಿವಪಾಲ್ ಸಿಂಗ್, ಅನ್ನು ರಾಣಿ ಮೊದಲಾದವರಿಗೆ ಕಲಿಸುತ್ತ ಉಳಿದರು.

2021ರಲ್ಲಿ, ಟೋಕಿಯೊ ಒಲಿಂಪಿಕ್ಸಿಗೆ ಮುಂಚೆ, ಹೋನ್ ಬಾಯಿಬಿಟ್ಟು ದೂರಿದರು. ಕ್ರೀಡಾಪಟುಗಳಿಗೆ ಬೇಕಾದ ತಯಾರಿ, ವಿದೇಶಿ ಸ್ಪರ್ಧೆ, ಪೋಷಕಾಂಶ ಸರಿಯಾಗಿ ಸಿಗುತ್ತಿಲ್ಲ ಎಂದು ಭಾರತದ ಅಥ್ಲೆಟಿಕ್ಸ್ ಫೆಡರೇಷನ್ ಮತ್ತು ಕ್ರೀಡಾ ಪ್ರಾಧಿಕಾರದ ಮೇಲೆ ಹೇಳಿದರು. ಆ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ಟೋಕಿಯೊ ಮುಗಿದ ಮರುತಿಂಗಳು, ಕೆಲಸ ತೃಪ್ತಿಕರವಾಗಿಲ್ಲ ಎಂದು ಫೆಡರೇಷನ್ ಅವರನ್ನು ಕಳುಹಿಸಿಕೊಟ್ಟಿತು. ಯಾರ ಮಾತು ಎಷ್ಟು ಸರಿ ಎಂದು ಹೊರಗೆ ಕೂತು ತೂಗುವುದು ಕಷ್ಟ. ಆದರೆ ನಮ್ಮ ಹುಡುಗ ಜಕಾರ್ತಾದಲ್ಲಿ ಬಾವುಟ ಹೊದ್ದು ಓಡಿದ ವರ್ಷದಲ್ಲಿ ಪಕ್ಕದಲ್ಲಿದ್ದ ಗುರುವನ್ನು ಇನ್ನಷ್ಟು ಮರ್ಯಾದೆಯಿಂದ ಬೀಳ್ಕೊಡಬಹುದಿತ್ತು ಎಂದು ನನಗೆ ಅನಿಸುತ್ತದೆ.

ನಡುವೆ 2019ರಲ್ಲಿ ನೀರಜ್ ಮೊಣಕೈಗೆ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಚೇತರಿಸಿಕೊಂಡದ್ದರಲ್ಲಿ ಬಳ್ಳಾರಿ ಸೀಮೆಗೂ ಪಾಲಿದೆ: ತೋರಣಗಲ್ಲಿನ ಹತ್ತಿರ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕೈಯನ್ನು ಮತ್ತೆ ಹದಕ್ಕೆ ತಂದುಕೊಂಡರು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಎಸೆದು ಚಿನ್ನ ಗೆದ್ದರು. ಅಂದು ಗೆಲ್ಲುವರೆಂದು ಎಲ್ಲರೂ ಎಣಿಸಿದ್ದು ಫೆಟರ್ ಅವರನ್ನು. 2020ರಲ್ಲಿ ಪೋಲೆಂಡಿನ ಹೋರ್‌ಜುಫ್‌ನಲ್ಲಿ 97.76 ಎಸೆದಿದ್ದವರು, ಝೆಲೆಝ್ನಿ ದಾಖಲೆಯ ಮುಕ್ಕಾಲು ಮೀಟರ್ ಹತ್ತಿರ ಬಂದವರು. ಟೋಕಿಯೊದಲ್ಲಿ 82.52ಕ್ಕೇ ನಿಂತು ಒಂಬತ್ತನೆಯವರಾದರು. ಅಲ್ಲಿ ಮೊದಲ ಎಂಟು ಜನರಿಗಷ್ಟೇ ಕೊನೆಯ ಮೂರು ಎಸೆತ ಸಿಕ್ಕವು. ಅವರು ಪಕ್ಕಕ್ಕೆ ಸರಿದು ಕೂರಬೇಕಾಯಿತು. ಎಸೆತ ಇಷ್ಟು ಸೂಕ್ಷ್ಮ, ಎಡಗಾಲು ಊರುವ ಹದ ಕೂದಲೆಳೆ ತಪ್ಪಿದರೆ ಹದಿನೈದು ಮೀಟರ್ ಹೋಗಿಬಿಡುತ್ತದೆ.

ನೀರಜ್ ತೊಂಬತ್ತು ದಾಟಿದ್ದು 2025ರ ಮೇ ತಿಂಗಳಲ್ಲಿ, ಮತ್ತೆ ಅದೇ ದೋಹಾದಲ್ಲಿ, 90.23. ಆ ಹೊತ್ತಿಗೆ ಅವರ ಕೋಚ್ ಝೆಲೆಝ್ನಿಯವರೇ. ಅಂದೂ ಗೆದ್ದವರು ಒಬ್ಬ ಜರ್ಮನ್. ಯೂಲಿಯನ್ ವೇಬರ್ ಕೊನೆಯ ಎಸೆತದಲ್ಲಿ 91.06ಕ್ಕೆ ಹೋದರು.

ಆ ವರ್ಷದ ಜುಲೈ 5ರ ಸಂಜೆ ಬೆಂಗಳೂರಿನ ಶ್ರೀ ಕಂಠೀರವ ಸ್ಟೇಡಿಯಮ್ಮಿನಲ್ಲಿ ನೀರಜ್ ಹೆಸರಿನ ಕೂಟ ನಡೆಯಿತು. ಮೆಟ್ಟಿಲಿನ ಮೇಲೆ ಕೂತು ನೋಡಿದೆ. ಪಕ್ಕದಲ್ಲಿ ಅಪ್ಪನ ಜೊತೆ ಬಂದಿದ್ದ ಒಬ್ಬ ಹುಡುಗ ಪ್ರತಿ ಎಸೆತಕ್ಕೂ ಎದ್ದು ನಿಲ್ಲುತ್ತಿದ್ದ. ರಿಯೊ ಒಲಿಂಪಿಕ್ಸಿನಲ್ಲಿ 90.30ಕ್ಕೆ ಚಿನ್ನ ಗೆದ್ದ ರೋಲರ್ ಕೂಡ ಬಂದಿದ್ದರು. ಅವರು ನಮ್ಮ ಜನರ ಮುಂದೆ ಈಟಿ ಹಿಡಿದು ಓಡಿ ಬರುವುದನ್ನು ಕಾಣುತ್ತೇನೆಂದು ನಾನು ಎಣಿಸಿರಲಿಲ್ಲ. ನೀರಜ್ 86.18 ಎಸೆದು ಗೆದ್ದರು. ಈಟಿ ತಲೆ ಬಗ್ಗಿಸಿ ಬಂದು ಗಚಕ್ಕನೆ ಚುಚ್ಚಿ, ಬಾಲ ಅದುರುತ್ತ ನಿಂತಿತು. ಯಾರೂ ಬಗ್ಗಿ ಹುಲ್ಲಿನಲ್ಲಿ ಗುರುತು ಹುಡುಕಬೇಕಿರಲಿಲ್ಲ.

ಜನ ಕರಗಿದ ಮೇಲೂ ಸ್ವಲ್ಪ ಹೊತ್ತು ಕೂತಿದ್ದೆ. ಹುಲ್ಲಿನ ಮೇಲೆ ದೂರ ತೋರಿಸುವ ಬಿಳಿ ಕಮಾನುಗಳು ಒಂದರ ಹಿಂದೆ ಒಂದು. ಕೊನೆಯ ಕಮಾನಿನಾಚೆ ಏನೂ ಬರೆದಿರಲಿಲ್ಲ. 86ರ ಜಾಗವನ್ನು ಕಣ್ಣಿನಲ್ಲೇ ಗುರುತು ಹಿಡಿದು, ಅಲ್ಲಿಂದ ಮುಂದೆ ಹದಿನೆಂಟೂವರೆ ಮೀಟರ್, ಹತ್ತಿರಹತ್ತಿರ ಇನ್ನೊಂದು ಪಿಚ್ಚಿನಷ್ಟು, ಅಳೆದೆ. ಆಚೆ ಗೋಲಿನ ಗೆರೆಯ ಹತ್ತಿರ ಹೋಗಿ ನಿಂತಿತು ಕಣ್ಣು. ಅಲ್ಲೊಬ್ಬ ಸ್ವಯಂಸೇವಕ ಹುಡುಗ ನೀರಿನ ಖಾಲಿ ಬಾಟಲಿಗಳನ್ನು ಆರಿಸುತ್ತಿದ್ದ.